ಸಹಾಯ ಬೇಕು: ಜರ್ಮನ್ ಸಿಕ್ಸ್ತ್ ಕಾರ್ಡ್ ಕಿವಿಗೆ ಸಿಗುತ್ತಿಲ್ಲ

ನಮಸ್ಕಾರ. ಯೂನಿವರ್ಸಿಟಿಯ ಮ್ಯೂಸಿಕ್ ಥಿಯರಿಯಲ್ಲಿ ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಸಿ ಮೈನರ್‌ನಲ್ಲಿ ಎ ಫ್ಲ್ಯಾಟ್, ಸಿ, ಇ ಫ್ಲ್ಯಾಟ್, ಎಫ್ ಶಾರ್ಪ್ ಬರೆದರೆ ಜರ್ಮನ್ ಸಿಕ್ಸ್ತ್ ಅನ್ನೋ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ). ಅದೇ ಎಫ್ ಶಾರ್ಪನ್ನು ಜಿ ಫ್ಲ್ಯಾಟ್ ಅಂತ ಬರೆದರೆ ಡಿ ಫ್ಲ್ಯಾಟ್ ಮೇಜರ್‌ನ ಡಾಮಿನೆಂಟ್ ಸೆವೆಂತ್, ಅಂದರೆ ಡಿ ಫ್ಲ್ಯಾಟ್ ಕಡೆಗೆ ಎಳೆಯುವ ಕಾರ್ಡ್. ಪಿಯಾನೋದಲ್ಲಿ ಬೆರಳು ಅದೇ ನಾಲ್ಕು ಕೀ ಮೇಲೆ! ಚತುಶ್ರುತಿ ರಿಷಭ, ಶುದ್ಧ ಗಾಂಧಾರ ಎರಡಕ್ಕೂ ಒಂದೇ ಸ್ವರಸ್ಥಾನ ಅಲ್ವಾ, ಹಾಗೆ.

ಹಾಳೆ ಮೇಲೆ ತೊಂದರೆ ಇಲ್ಲ. ಎ ಫ್ಲ್ಯಾಟ್ ಇಳಿದು, ಎಫ್ ಶಾರ್ಪ್ ಏರಿ ಜಿಗೆ ಸೇರುತ್ತವೆ, ಪ್ಯಾರಲಲ್ ಫಿಫ್ತ್ (ಎರಡು ಧ್ವನಿಗಳು ಸ-ಪ ಅಂತರದಲ್ಲೇ ಜೊತೆಯಾಗಿ ಸರಿಯುವುದು) ಬರಬಾರದು ಅಂತ ನಡುವೆ ಕೇಡೆನ್ಶಿಯಲ್ ಸಿಕ್ಸ್-ಫೋರ್ (ಜಿ ಕೆಳಗಿರುವ ಸಿ ಮೈನರ್ ಕಾರ್ಡ್) ಹಾಕುತ್ತೇನೆ. ಕಷ್ಟ ಇರುವುದು ಕೇಳಿ ಬರೆಯುವ ಡಿಕ್ಟೇಷನ್‌ನಲ್ಲಿ. ದಿನಾ ನುಡಿಸಿದೆ, ಮೇಲಿನ ಸ್ವರ ಹಾಡಿಯೂ ನೋಡಿದೆ, ಆದರೂ ಆಗುತ್ತಿಲ್ಲ.

ಮುಂದಿನ ಕಾರ್ಡ್ ಬರುವ ಮೊದಲೇ ಇದು ಈ ಎರಡರಲ್ಲಿ ಯಾವುದು ಅಂತ ಕಿವಿಯಿಂದ ಹಿಡಿಯಬಹುದಾ, ಅಥವಾ ಅದು ಎಲ್ಲಿಗೆ ಹೋಗುತ್ತದೆ ಅಂತ ಕಾಯಲೇಬೇಕಾ?