ಸಹಾಯ ಬೇಕು: ಕತ್ತಲಾದರೆ ಹಿತ್ತಲಿನ ಕ್ಯಾಮೆರಾ ಕಣ್ಣು ಮುಚ್ಚುತ್ತಿದೆ

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ನಾನು ಕೆಲಸದ ನಿಮಿತ್ತ ಹುಬ್ಬಳ್ಳಿಯಲ್ಲಿದ್ದೇನೆ. ಹೋದ ವರ್ಷ ನಾಲ್ಕು ಕ್ಯಾಮೆರಾ, ಅವುಗಳ ದೃಶ್ಯ ದಾಖಲಿಸಿಡುವ ಒಂದು ಡಿವಿಆರ್ ಹಾಕಿಸಿದೆವು. ಮೂರು ಚೆನ್ನಾಗಿವೆ. ಹಿತ್ತಲಿನದು ಮಾತ್ರ ಹಗಲೆಲ್ಲ ಸ್ಪಷ್ಟವಾಗಿ ತೋರಿಸುತ್ತದೆ, ಕತ್ತಲಾಗಿ, ರಾತ್ರಿಯಲ್ಲೂ ಚಿತ್ರ ಹಿಡಿಯಲು ನೆರವಾಗುವ ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡ ಕೂಡಲೇ ಚಿತ್ರ ಮಿಣುಕಿ ಮಾಯವಾಗುತ್ತದೆ. ಹಿತ್ತಲ ಬಾಗಿಲು ಓಣಿಗೇ ತೆರೆಯುವುದರಿಂದ ನನಗೆ ಮುಖ್ಯವಾಗಿ ಬೇಕಾದದ್ದು ಆ ರಾತ್ರಿಯ ನೋಟವೇ.

ಕಳೆದ ಭಾನುವಾರ ಮಲ್ಟಿಮೀಟರ್ ಹಿಡಿದು ನೋಡಿದೆ. ಪಡಸಾಲೆಯ ಪವರ್ ಸಪ್ಲೈ ಬಳಿ 12.1 ವೋಲ್ಟ್. ಕ್ಯಾಮೆರಾದ ತುದಿಯಲ್ಲಿ ಹಗಲು 11.2, ದೀಪ ಹೊತ್ತಿದಾಗ 9ಕ್ಕಿಂತ ಕೆಳಗೆ. ಅದೇ ಕ್ಯಾಮೆರಾವನ್ನು ಪಡಸಾಲೆಯಲ್ಲಿ ಗಿಡ್ಡ ವೈರಿಗೆ ಜೋಡಿಸಿದರೆ ರಾತ್ರಿಯಿಡೀ ಸರಿಯಾಗಿ ನಡೆಯಿತು. ಹೀಗಿರುವಾಗ ಹೊಸ ಕ್ಯಾಮೆರಾ ಕೊಳ್ಳಿರಿ ಎಂದ ಅಂಗಡಿಯವರ ಮಾತನ್ನು ನಾನು ಒಪ್ಪಲಾರೆ. ಕೇಬಲ್ ಸುಮಾರು 40 ಮೀಟರ್ ಇದೆ. ನಡುವೆ ಹೆಂಚಿನ ಕೆಳಗೊಂದು ಜೋಡಣೆ. ಟೇಪು ಬಿಚ್ಚಿದರೆ ತಾಮ್ರದ ಎಳೆಗಳು ಹಸಿರುಗಟ್ಟಿ, ಮುಟ್ಟಿದರೆ ಉದುರುತ್ತಿದ್ದವು.

ಆ ಭಾಗವನ್ನು ಕತ್ತರಿಸಿ ಹೊಸದಾಗಿ ಬೆಸೆದರೆ ಸಾಕೇ? ಅಥವಾ ಹಿತ್ತಲಲ್ಲೇ 12 ವೋಲ್ಟ್, 2 ಆಂಪಿಯರ್‌ನ ಬೇರೆ ಅಡಾಪ್ಟರ್ ಇಡಬೇಕೇ? ಇಟ್ಟರೆ ಮಳೆಗೆ ಯಾವ ಡಬ್ಬಿ ತಡೆಯುತ್ತದೆ?

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಾಗಲೆಲ್ಲ ಡಿವಿಆರ್‌ನ ಗಡಿಯಾರ 2000ನೇ ಇಸವಿಗೆ ಹೋಗಿ ನಿಲ್ಲುತ್ತದೆ, ಬೇಕಾದ ದಿನದ ದೃಶ್ಯ ಸಿಗುವುದಿಲ್ಲ. ಒಳಗಿನ ಬಟನ್ ಸೆಲ್ ಮುಗಿದಿರಬೇಕು ಎಂದುಕೊಂಡಿದ್ದೇನೆ. ಮನೆಯಲ್ಲೇ ಬದಲಿಸಿದವರು ಇದ್ದರೆ ದಯವಿಟ್ಟು ವಿಧಾನ ತಿಳಿಸಿ. ಮುಂದಿನ ಭಾನುವಾರ ಊರಿಗೆ ಹೋಗುತ್ತೇನೆ, ಅಷ್ಟರೊಳಗೆ ಸಾಮಾನು ಕೊಂಡಿಟ್ಟುಕೊಳ್ಳಬೇಕು.