ಬ್ಯಾಟರಿ ಬದಲಿಸಿದ ಮೇಲೆ ಕಿಟಕಿ ಗಾಜು ತಾನಾಗಿ ಮುಚ್ಚುತ್ತಿಲ್ಲ

ಘಾಟಿ ಪಯಣಿಗ, ತೀರ್ಥಹಳ್ಳಿ:
ಮೂರು ವಾರ ಊರಲ್ಲಿರಲಿಲ್ಲ. ಬಂದು ನೋಡಿದರೆ ಕಾರಿನ ಬ್ಯಾಟರಿ ಪೂರ್ತಿ ಡೌನ್ ಆಗಿತ್ತು. ಹೊಸದು ಹಾಕಿಸಿದೆ. ಅವತ್ತಿನಿಂದ ಡ್ರೈವರ್ ಕಡೆಯ ಕಿಟಕಿ ಸರಿಯಿಲ್ಲ. ಮೊದಲು ಸ್ವಿಚ್ ಒಮ್ಮೆ ಜೋರಾಗಿ ಎಳೆದು ಬಿಟ್ಟರೆ ಗಾಜು ತಾನೇ ಮೇಲೇರಿ ಮುಚ್ಚಿಕೊಳ್ಳುತ್ತಿತ್ತು. ಈಗ ಬೆರಳು ಬಿಟ್ಟ ಕೂಡಲೇ ನಿಲ್ಲುತ್ತದೆ. ಸ್ವಿಚ್ಚಿನ ಸಣ್ಣ ಲೈಟ್ ಮಿಣುಕುತ್ತಲೇ ಇದೆ. ಗ್ಯಾರೇಜಿನವರು ಮೋಟರ್ ಹೋಗಿದೆ, ಬದಲಿಸಬೇಕು ಅಂದರು. ವಾರಕ್ಕೆರಡು ಸಲ ಆಗುಂಬೆ ಘಾಟಿ ಇಳಿಯುವವನು ನಾನು. ಮಳೆ ಹೊಡೆಯುವಾಗ ತಿರುವಿನಲ್ಲಿ ಒಂದು ಕೈ ಸ್ವಿಚ್ ಮೇಲಿದ್ದರೆ ಹೇಗೆ? ನಿಜವಾಗಿಯೂ ಮೋಟರ್ ಬದಲಿಸಬೇಕಾ?

ವೈರಿಂಗ್ ಕೆಲಸದವ, ಹುಬ್ಬಳ್ಳಿ:
ಬೇಡ ಸರ್, ಸ್ವಲ್ಪ ತಡೀರಿ. ಸ್ವಿಚ್ ಹಿಡಿದಷ್ಟು ಹೊತ್ತು ಗಾಜು ಸಲೀಸಾಗಿ ಓಡುತ್ತಿದ್ದರೆ ಮೋಟರ್ ಚೆನ್ನಾಗಿದೆ. ಅದು ಎಷ್ಟು ಸುತ್ತು ತಿರುಗಿತು ಅನ್ನುವುದರ ಮೇಲೆ ಗಾಜು ಎಲ್ಲಿದೆ ಅಂತ ಲೆಕ್ಕ ಇಡುತ್ತದೆ. ಬ್ಯಾಟರಿ ತೆಗೆದಾಗ ಆ ಲೆಕ್ಕ ಅಳಿಸಿಹೋಗಿದೆ. ಮೇಲಿನ ತುದಿ ಎಲ್ಲಿ ಅಂತ ತಿಳಿಯದಿದ್ದರೆ, ಅಡ್ಡ ಸಿಕ್ಕಿದ್ದು ಚೌಕಟ್ಟೋ ಮಗುವಿನ ಕೈಯೋ ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಗಾಜು ತಾನಾಗಿ ಮುಚ್ಚುವ ಆಟೋ ವ್ಯವಸ್ಥೆ ಬಂದ್ ಆಗಿದೆ.

ಆ ಲೆಕ್ಕ ಮತ್ತೆ ಕೂರಿಸಲು, ಅಂದರೆ ರೀಸೆಟ್ ಮಾಡಲು, ಹೀಗೆ ಮಾಡಿ. ಇಂಜಿನ್ ಸ್ಟಾರ್ಟ್ ಮಾಡಿಯೇ ಇಡಿ, ವೋಲ್ಟೇಜ್ ಇಳಿಯಬಾರದು. ಬಾಗಿಲು ಹಾಕಿ. ಗಾಜನ್ನು ಪೂರ್ತಿ ಇಳಿಸಿ, ಇಳಿದ ಮೇಲೂ ಸ್ವಿಚ್ ಒತ್ತಿ ಹಿಡಿದು ಐದರವರೆಗೆ ಎಣಿಸಿ. ಆಮೇಲೆ ಎಳೆದು ಹಿಡಿದು ಪೂರ್ತಿ ಏರಿಸಿ. ಮುಚ್ಚಿದ ಮೇಲೂ ಬಿಡಬೇಡಿ, ಮತ್ತೆ ಐದು ಎಣಿಸಿ. ಎಷ್ಟೋ ಜನ ತಪ್ಪುವುದು ಇಲ್ಲೇ, ಗಾಜು ಮುಚ್ಚಿತಲ್ಲ ಅಂತ ಬೆರಳು ತೆಗೆದುಬಿಡುತ್ತಾರೆ. ಕೆಲವು ಕಾರುಗಳಲ್ಲಿ ಕ್ರಮ ಸ್ವಲ್ಪ ಬೇರೆ, ಮ್ಯಾನ್ಯುಯಲ್ ಒಮ್ಮೆ ನೋಡಿ. ಬೇರೆ ಬಾಗಿಲಿಗೂ ಆಟೋ ಇದ್ದರೆ ಆಯಾ ಬಾಗಿಲಿನ ಸ್ವಿಚ್ಚಿನಿಂದಲೇ ಮಾಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಇದು ಮುಗಿಯುವ ತನಕ ಮಕ್ಕಳನ್ನು ಕಾರಿಗೆ ಹತ್ತಿಸಬೇಡಿ. ಕೈ ಅಡ್ಡ ಬಂದರೆ ಗಾಜು ವಾಪಸ್ ಇಳಿಯುತ್ತಲ್ಲ, ಆ ರಕ್ಷಣೆ ಈಗ ಇರಲ್ಲ. ನನ್ನ ಅಂಗಡಿ ಮುಂದೆಯೇ ಒಂದು ಪುಟ್ಟ ಹುಡುಗಿಯ ಬೆರಳು ಸಿಕ್ಕಿಕೊಂಡಿತ್ತು. ಆ ಕೂಗು ಇನ್ನೂ ಕಿವಿಯಲ್ಲಿದೆ.

ಮೈಸೂರು ಅಕ್ಕ:
ಅಣ್ಣ ಹೇಳಿದ ಹಾಗೇ ಮಾಡಿದರೂ ನನ್ನ ಕಾರಿನಲ್ಲಿ ಗಾಜು ಮೇಲೆ ತಾಗಿ ನಾಲ್ಕು ಬೆರಳಷ್ಟು ವಾಪಸ್ ಬರುತ್ತಿತ್ತು. ನೋಡಿದರೆ ಗಾಜು ಓಡುವ ರಬ್ಬರ್ ಚಾನೆಲ್‌ನಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸಿಲಿಕಾನ್ ಸ್ಪ್ರೇ ಹೊಡೆದು ಇನ್ನೊಮ್ಮೆ ರೀಸೆಟ್ ಮಾಡಿದೆ. ಸರಿಹೋಯಿತು. ಗ್ರೀಸ್ ಮಾತ್ರ ಹಚ್ಚಬೇಡಿ, ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ.

ಘಾಟಿ ಪಯಣಿಗ, ತೀರ್ಥಹಳ್ಳಿ:
ಈಗಷ್ಟೇ ಅಂಗಳದಲ್ಲಿ ಕೂತು ಮಾಡಿದೆ. ಮೊದಲ ಸಲ ಆಗಲಿಲ್ಲ, ಗಾಜು ಮುಚ್ಚಿದ ಕೂಡಲೇ ಕೈ ತೆಗೆದಿದ್ದೆ. ಎರಡನೇ ಸಲ ನಿಧಾನವಾಗಿ ಎಣಿಸಿದೆ. ಲೈಟ್ ಮಿಣುಕುವುದು ನಿಂತು ಸ್ಥಿರವಾಯಿತು. ಒಮ್ಮೆ ಎಳೆದು ಬಿಟ್ಟೆ, ಗಾಜು ತಾನೇ ಏರಿ ಮುಚ್ಚಿಕೊಂಡಿತು. ಅಣ್ಣಾ, ಅಕ್ಕಾ, ತುಂಬಾ ಉಪಕಾರವಾಯಿತು. ಮಗಳನ್ನು ಹತ್ತಿಸುವ ಮೊದಲು, ಸುರುಳಿ ಸುತ್ತಿದ ಪೇಪರ್ ಅಡ್ಡ ಹಿಡಿದು ನೋಡಿದೆ. ಗಾಜು ತಾಗಿದ್ದೇ ತಡ, ಕೆಳಗಿಳಿಯಿತು.