ಮಾವಿನ ಕಸಿ: ಭರಣಿ ಮಳೆಗೋ, ಮುಂಗಾರಿಗೋ?

ಕೇಳಿದವರು, ತರೀಕೆರೆಯಿಂದ

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಿಲಿನಲ್ಲಿ ಗೊರಟಿನಿಂದ ಎದ್ದ ಇಪ್ಪತ್ತು ನಾಟಿ ಮಾವಿನ ಸಸಿಗಳಿವೆ. ಕಳೆದ ವರ್ಷ ಯುಗಾದಿ ಕಳೆದ ವಾರವೇ, ಹೇಗೂ ಚಿಗುರುವ ಕಾಲವಲ್ಲವೇ ಎಂದು ಸಸಿಯ ತಲೆ ಕೊಯ್ದು ಸೀಳಿ, ಬಾದಾಮಿ ಮತ್ತು ರಸಪುರಿ ಮಾವಿನ ಕಡ್ಡಿ ಸಿಕ್ಕಿಸಿ ಕಸಿ ಕಟ್ಟಿದೆ. ಹದಿನೇಳು ಒಣಗಿದವು. ಹಿಡಿದ ಮೂರರಲ್ಲಿ ಒಂದನ್ನು ಕರು ಮೇಯ್ದಿತು. ಒಣಗಿದ್ದು ಮೇಲಿನ ಕಡ್ಡಿ ಮಾತ್ರ. ಸಸಿಗಳು ಬುಡದಿಂದ ಮತ್ತೆ ಚಿಗುರಿವೆ. ಈ ಸಲ ಚಿಕ್ಕಪ್ಪ ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ, ಆಗಲೇ ಕಟ್ಟು’ ಎನ್ನುತ್ತಾರೆ. ನರ್ಸರಿಯವರು ಜುಲೈಗೆ ಬನ್ನಿ ಎನ್ನುತ್ತಾರೆ. ಕಟ್ಟಿ ಅನುಭವವಿರುವವರು ಯಾವಾಗ ಕಟ್ಟುತ್ತೀರಿ, ಏನು ನೋಡಿ ಕಟ್ಟುತ್ತೀರಿ?

ಶ್ರೀನಿವಾಸಪುರದಿಂದ

ನಿಮ್ಮ ಹದಿನೇಳು ಕಡ್ಡಿಗಳನ್ನು ಕೊಂದದ್ದು ನಿಮ್ಮ ಕೈಯಲ್ಲ, ಏಪ್ರಿಲ್ ಗಾಳಿ. ಕಟ್ಟಿದ ಮೇಲೆ ಎರಡು ಮೂರು ವಾರ ಆ ಕಡ್ಡಿಗೆ ಕೆಳಗಿನಿಂದ ನೀರು ಬರುವುದಿಲ್ಲ. ತೊಗಟೆಯ ಒಳಗಿನ ತೆಳು ಹಸಿರು ಪದರ ಎರಡೂ ಕಡೆಯಿಂದ ಬೆಳೆದು ಕೂಡುವವರೆಗೆ ತನ್ನಲ್ಲಿರುವ ಪಸೆಯನ್ನೇ ನಂಬಿ ಬದುಕಬೇಕು. ಬಿಸಿ ಗಾಳಿ ಬೀಸಿದರೆ ಆ ಪಸೆ ಮೂರೇ ದಿನದಲ್ಲಿ ಮುಗಿಯುತ್ತದೆ.

ಚಿಕ್ಕಪ್ಪನವರ ಗಾದೆ ಸುಳ್ಳಲ್ಲ. ಆದರೆ ಅದನ್ನು ಹೇಳಿದ್ದು ಬಿತ್ತನೆಗೆ. ಭರಣಿ ಮಳೆ ಎಂದರೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಸಂಜೆ ಗುಡುಗಿ ಒಂದು ಗಂಟೆ ಹೊಡೆಯುತ್ತದೆ, ಮರುದಿನ ಮಧ್ಯಾಹ್ನಕ್ಕೆ ಮತ್ತೆ ಅದೇ ಕೆಂಡ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 38 ಡಿಗ್ರಿ ದಾಟಿತ್ತು. ಅಂಥ ದಿನ ಕಟ್ಟಿದ ಕಸಿ ಹಿಡಿದರೆ ಅದು ಪುಣ್ಯ. ನೆಲ ತೇವವಾದರೆ ಸಾಲದು, ಗಾಳಿ ತೇವವಾಗಬೇಕು. ನಮ್ಮ ಕಡೆ ಅದು ಮೃಗಶಿರೆ, ಆರಿದ್ರೆಯ ಹೊತ್ತಿಗೆ ಬರುತ್ತದೆ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗೆ. ಮೋಡ ಮುಚ್ಚಿ, ಜಿನುಗು ಮಳೆ ಬಂದು ಹೋಗುತ್ತಿದ್ದರೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ತಿಂಗಳನ್ನೇ ನಂಬಿಯೂ ನಾನು ಮುಗ್ಗರಿಸಿದ್ದೇನೆ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಎರಡನೆಯ ಸುತ್ತು ಕಟ್ಟುತ್ತಿದ್ದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಆಗಸ್ಟ್ ಅಂತೂ ದೇಶದಲ್ಲೇ 1901ರಿಂದ ಈಚೆಗೆ ಕಂಡಿರದಷ್ಟು ಒಣಗಿತು. ಆಶ್ಲೇಷಾ ಮಳೆ ಬಂದೇ ಬರುತ್ತದೆ ಎಂದು ಕಟ್ಟಿದ ಅರವತ್ತರಲ್ಲಿ ಅರ್ಧವೂ ಉಳಿಯಲಿಲ್ಲ.

ಆ ವರ್ಷದಿಂದ ನಾನು ಪಂಚಾಂಗಕ್ಕಿಂತ ಎಲೆಯ ತೊಟ್ಟನ್ನು ಹೆಚ್ಚು ನಂಬುತ್ತೇನೆ. ತಾಯಿಮರದಲ್ಲಿ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕುಡಿಯನ್ನು, ಅಂದರೆ ಕಸಿಗೆ ಬೇಕಾದ ತುದಿಯ ಕಡ್ಡಿಯನ್ನು, ಗುರುತು ಮಾಡಿ, ತೊಟ್ಟು ಉಳಿಸಿ ಎಲೆಯನ್ನು ಮಾತ್ರ ಕತ್ತರಿಸಿಬಿಡಿ. ಕುಡಿ ಮರದಲ್ಲೇ ಇರಲಿ. ಏಳರಿಂದ ಹತ್ತು ದಿನಕ್ಕೆ ತುದಿಯ ಮೊಗ್ಗು ಜೋಳದ ಕಾಳಿನಂತೆ ಊದುತ್ತದೆ. ಉಳಿದ ತೊಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಅಂಟಿಕೊಂಡೇ ಇದ್ದರೆ ಇನ್ನೂ ಕಾಯಬೇಕು. ಮುಟ್ಟಿದೊಡನೆ ಕಳಚಿ ಬಿದ್ದು, ಹಿಂದೆ ಬಿಳಿಚಿದ ಗುರುತು ಉಳಿದರೆ ಅಂದೇ ಕೊಯ್ದು ಅಂದೇ ಕಟ್ಟಬೇಕು. ಎರಡು ದಿನ ಮರದಲ್ಲೇ ಬಿಟ್ಟರೆ ಮೊಗ್ಗು ಒಡೆದು ಎಲೆ ಬಿಡುತ್ತದೆ, ಆಮೇಲೆ ಅದು ಕಸಿಗೆ ಬಾರದು.

ನಿಮ್ಮ ಸಸಿಗಳಲ್ಲಿ ಬುಡದ ಚಿಗುರುಗಳ ಪೈಕಿ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದವನ್ನು ಈಗಲೇ ಚಿವುಟಿ. ಜೂನ್ ಹೊತ್ತಿಗೆ ಅದರ ಮೇಲೆಯೇ ಕಟ್ಟಬಹುದು.

ಸಾಗರದಿಂದ

ಶ್ರೀನಿವಾಸಪುರದ ಅಣ್ಣ ಹೇಳಿದ ತೊಟ್ಟಿನ ಲೆಕ್ಕ ನೂರಕ್ಕೆ ನೂರು ಸರಿ. ಆರಿದ್ರೆಯ ಲೆಕ್ಕ ಮಾತ್ರ ನಮ್ಮ ಮಲೆನಾಡಿಗೆ ಹೊಂದುವುದಿಲ್ಲ, ಕ್ಷಮಿಸಿ. ಅವರ ಊರಿನ ಆರಿದ್ರೆ ಜಿನುಗುತ್ತದೆ. ನಮ್ಮದು ವಾರಗಟ್ಟಲೆ ಬಿಡದೆ ಹೊಯ್ಯುತ್ತದೆ. ಕಟ್ಟಿದ ಜಾಗಕ್ಕೆ ನೀರಿಳಿದರೆ ಕಡ್ಡಿ ಒಣಗುವುದಿಲ್ಲ, ಕಪ್ಪಾಗಿ ಕೊಳೆಯುತ್ತದೆ. ಬಿಚ್ಚಿ ಮೂಸಿದರೆ ಹುಳಿ ವಾಸನೆ. ತರೀಕೆರೆ ಅತ್ತ ಬಯಲುಸೀಮೆಯೂ ಅಲ್ಲ, ಇತ್ತ ಪೂರ್ತಿ ಮಲೆನಾಡೂ ಅಲ್ಲ. ನಿಮ್ಮ ತೋಟದಲ್ಲಿ ಮಳೆ ಹೇಗೆ ಬೀಳುತ್ತದೆ ಎಂಬುದನ್ನು ನೀವೇ ನೋಡಬೇಕು.

ನಾನು ಕಟ್ಟುವುದು ಉಪ್ಪಿನಕಾಯಿಯ ಮಾವು, ಅಪ್ಪೆಮಿಡಿ. ಹೊಳೆದಂಡೆಯ ಹಳೆಯ ಮರಗಳಿಂದ ಕುಡಿ ತರುತ್ತೇನೆ. ಕೃತ್ತಿಕೆಯ ಕೊನೆಯಿಂದ ರೋಹಿಣಿಯವರೆಗೆ, ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಂದು ಸುತ್ತು, ಮಖೆ ಕಳೆದು ಮಳೆ ಮೆತ್ತಗಾದ ಮೇಲೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು. ಆ ವರ್ಷ ಹೂ ಬಿಟ್ಟ ರೆಂಬೆಯಿಂದ ಕುಡಿ ತೆಗೆಯಬೇಡಿ. ಹೂವಿನ ಕಡ್ಡಿ ಒಣಗಿ ನಿಂತ ತುದಿಯಲ್ಲಿ ಚಿಗುರುವ ಮೊಗ್ಗೇ ಇರುವುದಿಲ್ಲ. ಇದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

2025ರ ಪೆಟ್ಟನ್ನು ಹೇಳಲೇಬೇಕು. ಮೇ 18ಕ್ಕೆ ಎಂಬತ್ತು ಕುಡಿಗಳ ಎಲೆ ಕತ್ತರಿಸಿ, 27ಕ್ಕೆ ಕಟ್ಟುವುದು ಎಂದು ಕುಳಿತಿದ್ದೆ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಉಸಿರು ಬಿಡುವುದರೊಳಗೆ ನಮ್ಮ ತಲೆಯ ಮೇಲಿತ್ತು. ಮರ ಹತ್ತುವ ಹಾಗಿಲ್ಲ, ಬ್ಲೇಡ್ ಹಿಡಿಯುವ ಹಾಗಿಲ್ಲ. ಎಂಬತ್ತೂ ಮರದಲ್ಲೇ ಒಡೆದು ಚಿಗುರಿದವು. ಜೂನ್ ಮೊದಲ ವಾರ ಮಳೆ ತಣ್ಣಗೆ ಬಿಡುವು ಕೊಟ್ಟಿತು, ಕಸಿಗೆ ಹೇಳಿ ಮಾಡಿಸಿದ ದಿನಗಳು. ನನ್ನ ಹತ್ತಿರ ತಯಾರಾದ ಕುಡಿ ಒಂದೂ ಇರಲಿಲ್ಲ!

ಈಗ ಎಲ್ಲವನ್ನೂ ಒಂದೇ ದಿನ ಕತ್ತರಿಸುವುದಿಲ್ಲ. ಐದೈದು ದಿನ ಬಿಟ್ಟು ಮೂರು ಕಂತಿನಲ್ಲಿ ಎಲೆ ತೆಗೆಯುತ್ತೇನೆ, ಪ್ರತಿ ಕಂತಿಗೂ ಬೇರೆ ಬಣ್ಣದ ದಾರ. ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ ನೋಡುತ್ತೇನೆ. ಯಾವ ದಾರದ ಕುಡಿಗೆ ಬಿಡುವು ಸಿಕ್ಕಿತೋ ಅದು ಗೆದ್ದ ಹಾಗೆ, ಒಂದು ಕಂತು ಹಾಳಾದರೂ ಬೇಸರವಿಲ್ಲ.

ಪುತ್ತೂರಿನಿಂದ

ನಾವು ಆಕಾಶದ ಗೊಡವೆಯನ್ನೇ ಬಿಟ್ಟಿದ್ದೇವೆ. ಜೂನ್‌ನಲ್ಲಿ ಗೊರಟನ್ನು ಮರಳಿನ ಪಾತಿಗೆ ಹಾಕಿ, ಮೊಳೆತು ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗಲೇ ಕಿತ್ತು, ಚಾವಡಿಯಲ್ಲಿ ಕುಳಿತು ಗೊರಟು ಕಸಿ ಕಟ್ಟುತ್ತೇವೆ. ಹೊರಗೆ ಎಷ್ಟು ಬೇಕಾದರೂ ಸುರಿಯಲಿ. ಶತ್ರು ಎಂದರೆ ಬುಡ ಕೊಳೆ ಒಂದೇ, ಅದಕ್ಕೆ ಲೀಟರ್ ನೀರಿಗೆ ಒಂದು ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿ ಸಸಿಯನ್ನು ಅದ್ದಿ ತೆಗೆಯುತ್ತೇವೆ. ಎಲೆ ಹಸಿರಾದ ಸಸಿಗೆ ಈ ವಿಧಾನ ಒಗ್ಗುವುದಿಲ್ಲ, ಆದ್ದರಿಂದ ನಿಮ್ಮ ಇಪ್ಪತ್ತಕ್ಕೆ ಉಪಯೋಗವಿಲ್ಲ. ಮುಂದಿನ ವರ್ಷಕ್ಕೆ ಇರಲಿ ಎಂದು ಹೇಳಿದೆ.



ಇಂಗ್ಲೆಂಡಿನ ಕೆಂಟ್‌ನಿಂದ

ಮೂಲ ಧಾರವಾಡ. ಇಲ್ಲಿ ಹಿತ್ತಿಲಿನಲ್ಲಿ ಸೇಬು ಕಟ್ಟುತ್ತೇನೆ. ನಿಮ್ಮ ಆತಂಕ ಓದಿ ನಮ್ಮದು ಎಷ್ಟು ಸುಲಭ ಎನಿಸಿತು. ಜನವರಿಯಲ್ಲಿ ಎಲೆ ಉದುರಿ ಮರ ಮಲಗಿರುವಾಗ ಕಡ್ಡಿ ಕೊಯ್ದು, ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡುತ್ತೇನೆ. ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಕೆಳಗಿನ ಗಿಡದ ಮೊಗ್ಗು ಊದಿದಾಗ ಕಟ್ಟುತ್ತೇನೆ. ಕಡ್ಡಿ ಮಲಗಿರಬೇಕು, ಗಿಡ ಎದ್ದಿರಬೇಕು, ಅಷ್ಟೇ. ಮಾವಿನ ಕುಡಿಯನ್ನೂ ಹೀಗೆ ಫ್ರಿಜ್‌ನಲ್ಲಿಟ್ಟು ಮಳೆಗೆ ಕಾಯಬಾರದೇ?

ಶ್ರೀನಿವಾಸಪುರದಿಂದ

ಧಾರವಾಡದವರೇ, ಸೇಬಿನ ಹಾಗೆ ಮಾವು ಎಲೆ ಉದುರಿಸಿ ಮಲಗುವುದಿಲ್ಲ. ಕುಡಿ ಕೊಯ್ದರೆ ಒದ್ದೆ ಬಟ್ಟೆಯಲ್ಲಿ ಮೂರು ನಾಲ್ಕು ದಿನ ಬಾಳುತ್ತದೆ, ಅದೂ ನೆರಳಿನಲ್ಲಿ. ತಿಂಗಳುಗಟ್ಟಲೆ ಇಡುವ ಮಾತೇ ಇಲ್ಲ. ಸಾಗರದ ಅಕ್ಕ ಹೇಳಿದ ದಾರದ ಉಪಾಯವೇ ನಮ್ಮ ಫ್ರಿಜ್ ಎಂದುಕೊಳ್ಳಿ. ಈ ವರ್ಷದಿಂದ ನಾನೂ ಮಾಡುತ್ತೇನೆ.

ತರೀಕೆರೆಯವರಿಗೆ ಇನ್ನೊಂದು ಮಾತು. ಕಸಿಯ ಗಾಯಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿದ ಮೇಲೆ ಮೇಲಿನಿಂದ ಐಸ್‌ಕ್ಯಾಂಡಿಯ ಉದ್ದನೆಯ ಪ್ಲಾಸ್ಟಿಕ್ ಕವರ್ ತೊಡಿಸಿ, ಕಸಿಯ ಗಾಯಕ್ಕಿಂತ ಕೆಳಗೆ ಕಟ್ಟಿ. ಒಳಗೆ ತೇವ ನಿಲ್ಲುತ್ತದೆ, ಹೊರಗಿನ ಮಳೆ ಒಳಗೆ ಬರುವುದಿಲ್ಲ. ಆದರೆ ನೇರ ಬಿಸಿಲಿನಲ್ಲಿ ಅದೇ ಕವರ್ ಕುಡಿಯನ್ನು ಬೇಯಿಸಿಬಿಡುತ್ತದೆ, ಶೇಡ್ ನೆಟ್ ಇಲ್ಲದಿದ್ದರೆ ತೆಂಗಿನ ಗರಿಯ ನೆರಳಾದರೂ ಬೇಕು. ಮೊಗ್ಗು ಒಡೆದು ಎಲೆ ಕವರ್‌ಗೆ ತಾಗುವಾಗ ತೆಗೆಯಿರಿ, ಸಂಜೆಯ ಹೊತ್ತು. ಪಟ್ಟಿಯನ್ನು ಅವಸರ ಮಾಡಿ ಬಿಚ್ಚಬೇಡಿ. ಅದು ಎರಡು ಮೂರು ತಿಂಗಳು ಇರಲಿ.

ತರೀಕೆರೆಯಿಂದ

ಎಲ್ಲರಿಗೂ ಋಣಿ. ಹಾಗಾದರೆ ಭರಣಿಗೆ ಸಸಿಗಳಿಗೆ ಗೊಬ್ಬರ ಮಾತ್ರ, ಚಿಕ್ಕಪ್ಪನಿಗೂ ಸಮಾಧಾನ. ಮೇ ಕೊನೆಯಿಂದ ಮೂರು ಕಂತಿನಲ್ಲಿ ಎಲೆ ತೆಗೆದು, ಮೊದಲು ಹತ್ತು ಸಸಿಗೆ ಕಟ್ಟಿ ನೋಡುತ್ತೇನೆ. ಹಿತ್ತಿಲಿಗೆ ಬೇಲಿಯೂ ಆಗಿದೆ. ಕೊನೆಯದೊಂದು ಅನುಮಾನ: ಕುಡಿ ಕೊಯ್ದು ತಂದು, ಕಟ್ಟಲು ಕುಳಿತಾಗ ಜೋರು ಮಳೆ ಹಿಡಿದರೆ ಛತ್ರಿ ಹಿಡಿದಾದರೂ ಮುಗಿಸಬೇಕೇ?

ಸಾಗರದಿಂದ

ಬೇಡ. ಛತ್ರಿಯ ಅಂಚಿನಿಂದ ಒಂದು ಹನಿ ಸೀಳಿನೊಳಗೆ ಬಿದ್ದರೂ ಆ ಗಿಡದ ಕೆಲಸ ಕೆಟ್ಟಂತೆ. ಸಸಿಯ ತಲೆ ಇನ್ನೂ ಕೊಯ್ದಿಲ್ಲದಿದ್ದರೆ ಹಾಗೇ ಬಿಡಿ, ಕುಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಳಗೆ ತಂದಿಡಿ. ನಾಳೆ ಬೆಳಗ್ಗೆ ಎಲೆಗಳ ನೀರು ಆರಿದ ಮೇಲೆ ಕಟ್ಟಿ.